ಕಾರಿನಲ್ಲಿ ಆಂಪ್ಲಿಫೈಯರ್ ಹಾಗೂ ಸಬ್‌ವೂಫರ್ ಅಳವಡಿಕೆ: ವಾಹನ ಮಾಲೀಕರಿಗೆ ಮಾಹಿತಿ

ಕಾರಿನ ಸ್ಟೀರಿಯೋದಿಂದ ಬರುವ ದುರ್ಬಲ ಧ್ವನಿ ಸಂಕೇತವನ್ನು ಬಲಪಡಿಸುವ ಸಾಧನವೇ ಆಂಪ್ಲಿಫೈಯರ್. ಸಬ್‌ವೂಫರ್ ಎಂಬುದು ಮಂದ್ರ ಸ್ವರಗಳನ್ನು ಮಾತ್ರ ಹೊರಡಿಸುವ ದೊಡ್ಡ ಸ್ಪೀಕರ್. ಇವುಗಳಿಗೆ ಬೇಕಾದ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಯಿಂದ ಪಡೆಯಬೇಕಾಗುವುದರಿಂದ, ವೈರಿಂಗ್‌ನಲ್ಲಿನ ಲೋಪವು ವಾಹನಕ್ಕೆ ಬೆಂಕಿ ತಗಲಲು ಕಾರಣವಾಗಬಹುದು. ಆದ್ದರಿಂದ ಅಳವಡಿಕೆಗೆ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಕಾನೂನಿನ ಉಪಬಂಧಗಳು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಉದಾಹರಣೆಗೆ, ಸಬ್‌ವೂಫರ್ ಪೆಟ್ಟಿಗೆಗೆ ಸ್ಥಳಾವಕಾಶ ಮಾಡಲು ಹಿಂಬದಿಯ ಆಸನಗಳನ್ನು ತೆಗೆದುಹಾಕಿದಲ್ಲಿ ಆಸನ ಸಾಮರ್ಥ್ಯವು ಪ್ರಮಾಣಪತ್ರಕ್ಕೆ ತಾಳೆಯಾಗುವುದಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ ಅಡಿಯಲ್ಲಿ ಮಾಲೀಕರು ದಂಡನೆಗೆ ಗುರಿಯಾಗುತ್ತಾರೆ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರಲ್ಲಿ ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಧ್ವನಿವರ್ಧಕ ಸಾಧನಗಳ ಬಳಕೆಗೆ ನಿರ್ಬಂಧವಿದೆ. ಶಾಂತ ವಲಯವೆಂದು ಘೋಷಿತವಾದ ಪ್ರದೇಶಗಳಲ್ಲಿ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು.

2. ವಿದ್ಯುತ್ ಬೇಡಿಕೆಯ ಲೆಕ್ಕ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ಗರಿಷ್ಠ ವ್ಯಾಟ್ ಸಂಖ್ಯೆಯನ್ನು ಪರಿಗಣಿಸದೆ, ಆರ್‌ಎಂಎಸ್ ವ್ಯಾಟ್ ಸಂಖ್ಯೆಯನ್ನೇ ಆಧಾರವಾಗಿ ತೆಗೆದುಕೊಳ್ಳತಕ್ಕದ್ದು. 500 ವ್ಯಾಟ್ ಆರ್‌ಎಂಎಸ್ ಸಾಮರ್ಥ್ಯದ, ಶೇ. 60ರಷ್ಟು ದಕ್ಷತೆಯ ಆಂಪ್ಲಿಫೈಯರ್ ಪೂರ್ಣ ಹೊರೆಯಲ್ಲಿ ಸುಮಾರು 833 ವ್ಯಾಟ್ ಸೆಳೆಯುತ್ತದೆ. ಎಂಜಿನ್ ಚಾಲನೆಯಲ್ಲಿರುವಾಗಿನ 13.8 ವೋಲ್ಟ್‌ನಿಂದ ಇದನ್ನು ಭಾಗಿಸಿದರೆ ಸುಮಾರು 60 ಆಂಪಿಯರ್ ಆಗುತ್ತದೆ. ದಕ್ಷತೆ ಶೇ. 80ರಷ್ಟಿರುವ ಡಿ-ದರ್ಜೆಯ ಆಂಪ್ಲಿಫೈಯರ್‌ಗೆ ಸುಮಾರು 45 ಆಂಪಿಯರ್ ಸಾಕು. ಸ್ಟೀರಿಯೋದ ಮೂಲ ವೈರು ಇಷ್ಟು ಪ್ರವಾಹವನ್ನು ಹೊರಲಾರದು. ಆದ್ದರಿಂದ ಬ್ಯಾಟರಿಯಿಂದಲೇ ಪ್ರತ್ಯೇಕ ಕೇಬಲ್ ಎಳೆಯಬೇಕು. ಈ ಬೇಡಿಕೆಯನ್ನು ಆಲ್ಟರ್ನೇಟರ್ ಪೂರೈಸಬಲ್ಲದೇ ಎಂಬುದನ್ನೂ ಪರಿಶೀಲಿಸಬೇಕು.

3. ಕೇಬಲ್ ಮತ್ತು ಫ್ಯೂಸ್

ಬ್ಯಾಟರಿಯಿಂದ ಡಿಕ್ಕಿಯವರೆಗೆ ಸುಮಾರು 5 ಮೀಟರ್ ದೂರಕ್ಕೆ 60 ಆಂಪಿಯರ್ ಸಾಗಿಸಲು 4 ಗೇಜ್, ಅಂದರೆ ಸುಮಾರು 21 ಚದರ ಮಿ.ಮೀ. ಅಡ್ಡಕೊಯ್ತದ ಶುದ್ಧ ತಾಮ್ರದ ಕೇಬಲ್ ಸೂಕ್ತ. ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಅಗ್ಗವಾದರೂ ಅದರ ವಾಹಕತ್ವ ಕಡಿಮೆ. ಅದನ್ನೇ ಬಳಸುವುದಾದಲ್ಲಿ ಹೆಚ್ಚು ದಪ್ಪದ ಕೇಬಲ್ ಆಯ್ಕೆ ಮಾಡತಕ್ಕದ್ದು.

ಬ್ಯಾಟರಿಯ ಧನಾಗ್ರದಿಂದ 45 ಸೆಂ.ಮೀ. ಒಳಗೆ ಮುಖ್ಯ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರ್‌ನಲ್ಲಿ ಈಗಾಗಲೇ ಫ್ಯೂಸ್ ಇದೆಯೆಂದು ಇದನ್ನು ಕೈಬಿಡುವುದು ಅಪಾಯಕಾರಿ. ಆ ಫ್ಯೂಸ್ ಆಂಪ್ಲಿಫೈಯರ್ ಅನ್ನು ಮಾತ್ರ ರಕ್ಷಿಸುತ್ತದೆ. ಹಾದಿಯಲ್ಲಿ ಕೇಬಲ್‌ನ ಹೊದಿಕೆ ಸವೆದು ಕಾರಿನ ಲೋಹದ ಭಾಗಕ್ಕೆ ತಾಗಿದರೆ, ಬ್ಯಾಟರಿಯು ನೂರಾರು ಆಂಪಿಯರ್ ಪ್ರವಾಹವನ್ನು ಅದರಲ್ಲಿ ಹರಿಸುತ್ತದೆ. ಕೇಬಲ್ ಕಾದು ನೆಲಹಾಸಿಗೆ ಬೆಂಕಿ ಹತ್ತಬಹುದು. ಮೇಲಿನ ಉದಾಹರಣೆಗೆ 80 ಆಂಪಿಯರ್ ಫ್ಯೂಸ್ ಸಾಕಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಕಾರಣವನ್ನು ಹುಡುಕಬೇಕೇ ಹೊರತು ದೊಡ್ಡ ಫ್ಯೂಸ್ ಹಾಕಬಾರದು.

4. ಜೋಡಣೆಯ ಕ್ರಮ

ಅ) ಮೊದಲು ಬ್ಯಾಟರಿಯ ಋಣಾಗ್ರವನ್ನು ಕಳಚತಕ್ಕದ್ದು.
ಆ) ಎಂಜಿನ್ ಕೋಣೆಯ ತಗಡಿನ ಮೂಲಕ ಕೇಬಲ್ ಹಾಯುವಲ್ಲಿ ರಬ್ಬರ್ ಬುಶ್ ಅಳವಡಿಸತಕ್ಕದ್ದು.
ಇ) ಅರ್ಥ್ ಕೇಬಲ್ ಧನ ಕೇಬಲ್‌ನಷ್ಟೇ ದಪ್ಪವಾಗಿರಬೇಕು, ಅದನ್ನು ಬಣ್ಣ ಕೆರೆದು ತೆಗೆದ ಲೋಹಕ್ಕೆ ಬಿಗಿಯಾಗಿ ಜೋಡಿಸಬೇಕು. ಸೀಟ್ ಬೆಲ್ಟ್‌ನ ಬೋಲ್ಟ್ ಬಳಸಬಾರದು.
ಈ) ಆರ್‌ಸಿಎ ಕೇಬಲ್‌ಗಳನ್ನು ವಿದ್ಯುತ್ ಕೇಬಲ್‌ನ ಎದುರು ಬದಿಯಲ್ಲಿ ಎಳೆದರೆ ಎಂಜಿನ್‌ನ ಗುಂಯ್‌ಗುಡುವ ಸದ್ದು ಸ್ಪೀಕರ್‌ನಲ್ಲಿ ಕೇಳಿಸುವ ಸಂಭವ ಕಡಿಮೆಯಾಗುತ್ತದೆ.
ಉ) ರಿಮೋಟ್ ವೈರನ್ನು ಸ್ಟೀರಿಯೋಗೆ ಜೋಡಿಸಬೇಕು. ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದಲ್ಲಿ ಕಾರು ನಿಂತಾಗಲೂ ಆಂಪ್ಲಿಫೈಯರ್ ಚಾಲೂ ಇದ್ದು ಬ್ಯಾಟರಿ ಬರಿದಾಗಬಹುದು.

5. ಸಬ್‌ವೂಫರ್‌ನ ಓಮ್ ಲೆಕ್ಕ

4 ಓಮ್‌ನ ಎರಡು ಸಬ್‌ವೂಫರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಆಂಪ್ಲಿಫೈಯರ್ ತಾಳಬಲ್ಲ ಕನಿಷ್ಠ ಓಮ್‌ಗಿಂತ ಕಡಿಮೆ ಹೊರೆ ಜೋಡಿಸಿದಲ್ಲಿ ಅದು ಅತಿಯಾಗಿ ಕಾಯುತ್ತದೆ. ಲೋ-ಪಾಸ್ ಫಿಲ್ಟರ್ ಅನ್ನು ಆರಂಭದಲ್ಲಿ ಸುಮಾರು 80 ಹರ್ಟ್ಸ್‌ಗೆ ಹೊಂದಿಸಬಹುದು. ಗೇನ್ ಗುಂಡಿಯು ಧ್ವನಿ ಹೆಚ್ಚಿಸುವ ಗುಂಡಿಯಲ್ಲ; ಅದನ್ನು ಅತಿಯಾಗಿ ತಿರುಗಿಸಿದರೆ ಧ್ವನಿ ಒಡೆದು ಸ್ಪೀಕರ್‌ನ ಸುರುಳಿ ಸುಡಬಹುದು.

6. ವಿಶೇಷ ಎಚ್ಚರಿಕೆ

ಸಿಎನ್‌ಜಿ ಅಥವಾ ಎಲ್‌ಪಿಜಿ ವಾಹನಗಳಲ್ಲಿ ಸಿಲಿಂಡರ್ ಮತ್ತು ಅನಿಲ ಕೊಳವೆಗಳ ಸಮೀಪ ಕೇಬಲ್ ಎಳೆಯುವುದಾಗಲಿ, ರಂಧ್ರ ಕೊರೆಯುವುದಾಗಲಿ ಕೂಡದು. ಇತರ ವಾಹನಗಳಲ್ಲೂ ಕೊರೆಯುವ ಮುನ್ನ ಇಂಧನ ಟ್ಯಾಂಕಿನ ಸ್ಥಾನವನ್ನು ಖಚಿತಪಡಿಸಿಕೊಳ್ಳಬೇಕು. ಏರ್‌ಬ್ಯಾಗ್ ವೈರುಗಳನ್ನು ಹಾಗೂ ವಿದ್ಯುತ್ ಚಾಲಿತ ಕಾರಿನ ಕಿತ್ತಳೆ ಬಣ್ಣದ ಅಧಿಕ ವೋಲ್ಟ್ ಕೇಬಲ್‌ಗಳನ್ನು ಮುಟ್ಟಬಾರದು.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ವಿಮೆಯು ಈ ಸಾಧನಗಳಿಗೂ ಅನ್ವಯಿಸುತ್ತದೆಯೇ?
ಉತ್ತರ: ವಾಹನದ ಬೆಲೆಯಲ್ಲಿ ಸೇರಿರದ ವಿದ್ಯುತ್ ಉಪಕರಣಗಳ ಮೌಲ್ಯವನ್ನು ವಿಮಾ ಕಂಪನಿಗೆ ಪ್ರತ್ಯೇಕವಾಗಿ ಘೋಷಿಸಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳತಕ್ಕದ್ದು. ಖರೀದಿ ರಸೀದಿಗಳನ್ನು ಕಾಯ್ದಿಟ್ಟುಕೊಳ್ಳುವುದು ಒಳಿತು.

ಪ್ರಶ್ನೆ: ಚಾಲನೆಯಲ್ಲಿರುವಾಗ ಸುಟ್ಟ ವಾಸನೆ ಬಂದರೆ ಏನು ಮಾಡಬೇಕು?
ಉತ್ತರ: ವಾಹನವನ್ನು ರಸ್ತೆಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೂಡಲೇ ಇಳಿದು ದೂರ ಸರಿಯಬೇಕು. ಹೊಗೆ ಅಥವಾ ಬೆಂಕಿ ಕಂಡಲ್ಲಿ ಬಾನೆಟ್ ತೆರೆಯದೆ 112ಕ್ಕೆ ಕರೆ ಮಾಡಬೇಕು.