ಶಾಲಾ ವ್ಯಾನಿಗೆ ಹಿಂಬದಿ ಕ್ಯಾಮೆರಾ ಮತ್ತು ಪರದೆಯ ಸ್ಟೀರಿಯೊ: ಹೆತ್ತವರು ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಕ್ಕಳು ಒಂದೇ ಊರಿನವರಾಗಿರುವುದು ಅಪರೂಪ. ನಾಲ್ಕಾರು ಹಳ್ಳಿಗಳಿಂದ ಮಕ್ಕಳನ್ನು ಕೂಡಿಸಿ ತರುವ ವ್ಯಾನೇ ಅನೇಕ ಕಡೆ ಶಾಲೆಯ ತರಗತಿಗಳನ್ನು ಉಳಿಸಿಕೊಂಡಿದೆ. ಕಾಸರಗೋಡಿನ ಗುಡ್ಡದ ಓಣಿಯಾಗಲಿ, ತಾಳವಾಡಿಯ ಹೊಲದ ದಾರಿಯಾಗಲಿ, ತಿರುಗಿಸಲು ಜಾಗವಿಲ್ಲದಲ್ಲಿ ವ್ಯಾನು ಹಿಮ್ಮುಖವಾಗಿ ಚಲಿಸಲೇಬೇಕು. ಇಳಿದ ಮಗು ಅದೇ ವ್ಯಾನಿನ ಹಿಂದಿನಿಂದ ಮನೆಯತ್ತ ಓಡುವುದೂ ಅಲ್ಲಿಯೇ. ವ್ಯಾನಿನ ಮೇಲೆ ನಂಬಿಕೆ ಹೋದ ಮನೆಯವರು ನಡೆದು ಹೋಗುವಷ್ಟು ಹತ್ತಿರದ ಅನ್ಯಭಾಷಾ ಮಾಧ್ಯಮದ ಶಾಲೆಗೆ ಮಗುವನ್ನು ಸೇರಿಸಿದರೆ ಅವರನ್ನು ದೂರುವಂತಿಲ್ಲ. ಆದುದರಿಂದ ಹಿಂಬದಿ ಕ್ಯಾಮೆರಾದ ವಿಷಯವನ್ನು ಚಾಲಕರಿಗೆ ಮಾತ್ರ ಬಿಟ್ಟುಬಿಡದೆ, ಶಾಲೆಯ ರಕ್ಷಕ-ಶಿಕ್ಷಕ ಸಂಘವೂ ಅರಿತಿರುವುದು ಲೇಸು.

ಚಾಲಕರನ್ನು ಬಿಟ್ಟು ಎಂಟು ಜನರವರೆಗೆ ಕುಳಿತುಕೊಳ್ಳಬಹುದಾದ ಹೊಸ ಪ್ರಯಾಣಿಕ ವಾಹನಗಳಿಗೆ ಭಾರತದಲ್ಲಿ 2019ರ ಜುಲೈ 1ರಿಂದ ಹಿಂಬದಿ ಸೆನ್ಸರ್ ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ವ್ಯಾನುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅದೇ ವರ್ಷ ತಯಾರಿಕೆ ನಿಂತ ಮಾರುತಿ ಓಮ್ನಿಗಳು ಇಂದಿಗೂ ಮಕ್ಕಳನ್ನು ಹೊತ್ತು ಓಡಾಡುತ್ತಿವೆ. 2022ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಎರಡನೆಯ ತರಗತಿಯ ಬಾಲಕನೊಬ್ಬ ಶಾಲಾ ವ್ಯಾನಿನಡಿ ಸಿಲುಕಿ ಮೃತಪಟ್ಟ ಬಳಿಕ, ತಮಿಳುನಾಡು ಸರಕಾರವು ತನ್ನ ಶಾಲಾ ವಾಹನ ನಿಯಮಗಳನ್ನು ತಿದ್ದಿ ಮುಂದೆ ಮತ್ತು ಹಿಂದೆ ಕ್ಯಾಮೆರಾ ಹಾಗೂ ಸೆನ್ಸರುಗಳನ್ನು ಕಡ್ಡಾಯಗೊಳಿಸಿತು. ಹೊಸೂರು, ತಾಳವಾಡಿಗಳ ಶಾಲೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸೆನ್ಸರ್ ಒಂದೇ ಸಾಲದು. ಅದು ಸದ್ದು ಮಾಡುತ್ತದೆ, ಹಿಂದಿರುವುದು ಬೇಲಿಯೋ ಮಗುವೋ ಎಂಬುದನ್ನು ಹೇಳುವುದಿಲ್ಲ.

ಅಂಗಡಿಯಲ್ಲಿ ಇಂತಹ ಸ್ಟೀರಿಯೊವನ್ನು ಹಾಡು, ಚಲನಚಿತ್ರ, ದೊಡ್ಡ ಪರದೆ ಇವುಗಳನ್ನು ಮುಂದಿಟ್ಟು ಮಾರುತ್ತಾರೆ. ಶಾಲೆಯವರು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಚಾವಿ ತಿರುಗಿಸಿದ ತಕ್ಷಣ ರಿವರ್ಸ್ ಗೇರ್ ಹಾಕಿದರೆ ಚಿತ್ರ ಎಷ್ಟು ಹೊತ್ತಿಗೆ ಮೂಡುತ್ತದೆ? ಆಂಡ್ರಾಯ್ಡ್ ಸ್ಟೀರಿಯೊಗಳು ಮೊಬೈಲ್ ಫೋನಿನಂತೆ ಎಚ್ಚರಗೊಳ್ಳಲು ಸಮಯ ತೆಗೆದುಕೊಳ್ಳುತ್ತವೆ. ಕೆಲವು ಅಗ್ಗದ ಮಾದರಿಗಳಲ್ಲಿ ಅಷ್ಟು ಹೊತ್ತೂ ಹಿಂಬದಿಯ ಚಿತ್ರ ಬರುವುದಿಲ್ಲ, ಚಾಲಕರು ಕಾಯುವುದೂ ಇಲ್ಲ. 2018ರ ಮೇ ತಿಂಗಳಿನಿಂದ ಎಲ್ಲ ಹೊಸ ಕಾರು-ವ್ಯಾನುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿರುವ ಅಮೆರಿಕದಲ್ಲಿ, ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಕಾಣಬೇಕೆಂಬ ನಿಯಮವಿದೆ. ನಮ್ಮ ವ್ಯಾನುಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಅಳತೆಗೋಲಾಗಿ ಅದನ್ನು ಇಟ್ಟುಕೊಳ್ಳಬಹುದು. ಅಂಗಡಿಯಲ್ಲೇ ಪರೀಕ್ಷಿಸಿ ನೋಡದೆ ಹಣ ಕೊಡಬಾರದು.

ಉಳಿದವು ಅಳತೆಯ ವಿಚಾರಗಳು. ಡಬಲ್ ಡಿನ್ ಸ್ಟೀರಿಯೊಗೆ ಸುಮಾರು 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಜಾಗ ಬೇಕು. ಹಳೆಯ ವ್ಯಾನುಗಳಲ್ಲಿ ಇರುವ ಸಿಂಗಲ್ ಡಿನ್ ಜಾಗ ಅದರ ಅರ್ಧದಷ್ಟೇ ಎತ್ತರದ್ದು. ಡ್ಯಾಶ್‌ಬೋರ್ಡ್ ಕೊಯ್ಯುವ ಬದಲು ಕನ್ನಡಿಗೆ ಹೊಂದಿಕೊಳ್ಳುವ ಪರದೆಯನ್ನಾಗಲಿ, ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲಿಸುವ ಸಣ್ಣ ಪರದೆಯನ್ನಾಗಲಿ ಕೊಳ್ಳಬಹುದು, ಖರ್ಚೂ ಕಡಿಮೆ. ದೊಡ್ಡ ಬಸ್ಸುಗಳಲ್ಲಿ 24 ವೋಲ್ಟಿನ ವಿದ್ಯುತ್ತಿರುತ್ತದೆ, 12 ವೋಲ್ಟಿನ ಸ್ಟೀರಿಯೊ ಅಲ್ಲಿ ಸುಟ್ಟುಹೋಗುತ್ತದೆ. ಕ್ಯಾಮೆರಾ ಎ.ಎಚ್.ಡಿ. ಬಗೆಯದಾಗಿದ್ದರೆ ಸ್ಟೀರಿಯೊ ಕೂಡ ಅದನ್ನು ಸ್ವೀಕರಿಸುವಂತಿರಬೇಕು. ಇಲ್ಲವಾದರೆ ಪರದೆ ಕಪ್ಪಾಗಿರುತ್ತದೆ ಅಥವಾ ಚಿತ್ರ ಉರುಳಾಡುತ್ತದೆ. ಭಾಷೆಯ ಪಟ್ಟಿಯಲ್ಲಿ ಕನ್ನಡವಿದೆಯೇ ಎಂದೂ ನೋಡಿರಿ. ಚಾಲಕರಿಗೆ ಓದಲು ಬಾರದ ಎಚ್ಚರಿಕೆ ಇದ್ದೂ ಇಲ್ಲದಂತೆ.

ಅಳವಡಿಕೆಯನ್ನು ವಾಹನದ ವಯರಿಂಗ್ ಬಲ್ಲವರಿಂದಲೇ ಮಾಡಿಸಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಡಿಸಬೇಕು. ಸ್ಟೀರಿಯೊದ ವಯರುಗಳ ಬಣ್ಣಕ್ಕೆ ಸಾಮಾನ್ಯವಾದ ರೂಢಿಯೊಂದಿದೆ: ಹಳದಿ ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆಯುವಂಥದು, ಕೆಂಪು ಚಾವಿ ತಿರುಗಿಸಿದಾಗ ಮಾತ್ರ ಪಡೆಯುವಂಥದು, ಕಪ್ಪು ಅರ್ತ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಸ್ಪೀಕರುಗಳಿಗೆ. ಆದರೂ ಬಣ್ಣವನ್ನೇ ನಂಬದೆ ಸ್ಟೀರಿಯೊದ ಮೇಲೆ ಅಂಟಿಸಿದ ನಕ್ಷೆಯನ್ನು ನೋಡಿ, ಮೀಟರಿನಿಂದ ಪರೀಕ್ಷಿಸಬೇಕು. ಹಳದಿ ವಯರಿನಲ್ಲಿ ತಯಾರಕರು ಸೂಚಿಸಿದ ಅಳತೆಯ ಫ್ಯೂಸ್ ಇರಲೇಬೇಕು. ಅದು ಸುಟ್ಟಾಗಲೆಲ್ಲ ತಂತಿ ಸುತ್ತುವ ಅಭ್ಯಾಸ ಮಕ್ಕಳಿರುವ ವಾಹನದಲ್ಲಿ ಸಲ್ಲದು. ಮೂಲ ವಯರುಗಳನ್ನು ಕತ್ತರಿಸದೆ ಆ ವ್ಯಾನಿಗೆಂದೇ ಸಿಗುವ ಕಪ್ಲರ್ ಬಳಸುವುದು ಮೇಲು.

ಕ್ಯಾಮೆರಾದ ಕೆಲಸ ಇದಕ್ಕಿಂತ ಸೂಕ್ಷ್ಮ. ಅದಕ್ಕೆ ವಿದ್ಯುತ್ತು ದೊರೆಯುವುದು ಸಾಮಾನ್ಯವಾಗಿ ಹಿಂಬದಿಯ ರಿವರ್ಸ್ ಲೈಟಿನಿಂದ. ಚಿತ್ರವನ್ನು ಒಯ್ಯುವ ಉದ್ದನೆಯ ವಯರಿನ ಎರಡೂ ತುದಿಗಳಲ್ಲಿ ಸಣ್ಣ ಕೆಂಪು ಎಳೆಯೊಂದು ಹೊರಗೆ ಬಂದಿರುತ್ತದೆ. ಹಿಂದಿನ ಎಳೆಯನ್ನು ರಿವರ್ಸ್ ಲೈಟಿನ ಪಾಸಿಟಿವ್ ವಯರಿಗೆ, ಮುಂದಿನದನ್ನು ಸ್ಟೀರಿಯೊದಲ್ಲಿ ರಿವರ್ಸ್ ಅಥವಾ ಬ್ಯಾಕ್ ಎಂದು ಬರೆದಿರುವ ವಯರಿಗೆ ಜೋಡಿಸಿದಾಗ, ಗೇರ್ ಬದಲಾದೊಡನೆ ಪರದೆಯೂ ತಾನಾಗಿ ಬದಲಾಗುತ್ತದೆ. ಇದನ್ನು ಜೋಡಿಸದೆ ಬಿಟ್ಟು, ಬೇಕಾದಾಗ ಪರದೆಯನ್ನು ಒತ್ತಿ ನೋಡಿಕೊಳ್ಳಿ ಎನ್ನುವವರಿದ್ದಾರೆ. ಅಂತಹ ಕೆಲಸವನ್ನು ಒಪ್ಪಿಕೊಳ್ಳಬಾರದು. ಹಿಂಬಾಗಿಲಿನ ಮೂಲಕ ವಯರು ಹಾಯುವಲ್ಲಿ ರಬ್ಬರ್ ಕೊಳವೆಯೊಳಗಿಂದಲೇ ಎಳೆಯಬೇಕು. ತಗಡಿನ ಅಂಚಿಗೆ ಉಜ್ಜಿದ ವಯರು ದಿನಕ್ಕೆ ಹತ್ತಾರು ಬಾರಿ ಬಾಗಿಲು ತೆರೆದು ಮುಚ್ಚುವ ಶಾಲಾ ವ್ಯಾನಿನಲ್ಲಿ ಬಹುಕಾಲ ಬಾಳದು. ಸಿ.ಎನ್.ಜಿ. ವ್ಯಾನಾದರೆ ಅನಿಲದ ಸಿಲಿಂಡರ್ ಮತ್ತು ಕೊಳವೆಗಳಿಂದ ವಯರನ್ನು ದೂರವಿಡಬೇಕು. ಕರಾವಳಿಯ ಮಳೆಗೆ ಐ.ಪಿ. 67 ದರ್ಜೆಯ ಕ್ಯಾಮೆರಾ ಬೇಕು. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ಒಳಹೋಗದು ಎಂಬುದು ಅದರ ಅರ್ಥ. ಜೋಡಣೆಯ ಗಂಟುಗಳಿಗೆ ಆ ರಕ್ಷಣೆ ಇರುವುದಿಲ್ಲವಾದ್ದರಿಂದ ಅವನ್ನು ಬಂಪರಿನ ಹೊರಗೆ ಬಿಡಬಾರದು.

ಕೆಲಸ ಮುಗಿದ ದಿನವೇ ಸಂಘದ ಇಬ್ಬರು ಎದುರಿಗಿದ್ದು ಪರೀಕ್ಷಿಸಲಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಆರಿಸಿ, ಚಾವಿಯನ್ನು ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಬೇಕು. ವ್ಯಾನಿನ ಹಿಂದೆ 3 ಮೀಟರ್ ಅಗಲ, 6 ಮೀಟರ್ ಉದ್ದದ ಚೌಕವನ್ನು ಸುಣ್ಣದಲ್ಲಿ ಗೆರೆ ಹಾಕಿ, ಎಲ್.ಕೆ.ಜಿ. ಮಗುವಿನ ಎತ್ತರಕ್ಕೆ ಸರಿಯಾದ ಕೋಲನ್ನು ಅದರ ಮೂಲೆಗಳಲ್ಲಿಯೂ ಬಂಪರಿನ ಬುಡದಲ್ಲಿಯೂ ನಿಲ್ಲಿಸಿ ನೋಡಿರಿ. ಈ ಪರೀಕ್ಷೆಗೆ ಮಕ್ಕಳನ್ನು ನಿಲ್ಲಿಸುವುದು ಬೇಡ. ಕೋಲು ಎಲ್ಲಿ ಕಾಣದೋ ಅಲ್ಲಿ ಕ್ಯಾಮೆರಾದ ಕೋನವನ್ನು ತಗ್ಗಿಸಬೇಕು. ಎಡಬದಿಯ ಕೋಲು ಪರದೆಯಲ್ಲಿಯೂ ಎಡಕ್ಕೇ ಕಾಣಬೇಕು. ಬಲಕ್ಕೆ ಕಂಡರೆ ಅದು ಮುಂಬದಿಯ ಕ್ಯಾಮೆರಾ, ಇಲ್ಲವೇ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಜೋಡಣೆ ತಪ್ಪಿದೆ. ಅಗಲ ನೋಟದ ಗಾಜು ವಸ್ತುಗಳನ್ನು ಇರುವುದಕ್ಕಿಂತ ದೂರ ತೋರಿಸುತ್ತದೆ. ಪರದೆಯ ಕೆಂಪು ಗೆರೆಯನ್ನು ಟೇಪಿನಿಂದ ಅಳೆದು, ಅದು ನಿಜವಾಗಿ ಎಷ್ಟು ದೂರವೆಂದು ಚಾಲಕರಿಗೆ ತೋರಿಸಿಕೊಡಬೇಕು.

ಹಿಂಚಕ್ರದ ಪಕ್ಕ, ಬಾಗಿಲ ಬದಿ, ವ್ಯಾನಿನ ಮುಂಭಾಗ ಯಾವುದೂ ಈ ಕ್ಯಾಮೆರಾಕ್ಕೆ ಕಾಣದು. ಆಯಾ ಕೆಳಗಿಳಿದು, ಮಕ್ಕಳನ್ನು ಎಣಿಸಿ, ಚಾಲಕರಿಗೆ ಕಾಣುವ ಬದಿಯಲ್ಲಿ ನಿಂತು ಕೈ ತೋರಿಸಿದ ನಂತರವೇ ವ್ಯಾನು ಹಿಂದಕ್ಕೆ ಚಲಿಸುವ ಕ್ರಮ ಕ್ಯಾಮೆರಾ ಬಂದ ಮೇಲೂ ಹಾಗೆಯೇ ಮುಂದುವರಿಯಬೇಕು. ಹಣ ಉಳಿಯಿತೆಂದು ಆಯಾಳನ್ನು ಕೈಬಿಡುವ ಲೆಕ್ಕಾಚಾರಕ್ಕೆ ಸಂಘವು ಒಪ್ಪಿಗೆ ಕೊಡಬಾರದು. ವ್ಯಾನು ಚಲಿಸುವಾಗ ಮುಂದಿನ ಪರದೆಯಲ್ಲಿ ವೀಡಿಯೊ ಬೇಡ. ಕೈಬ್ರೇಕ್ ಬಿಟ್ಟೊಡನೆ ಅದನ್ನು ತಡೆಯುವ ವ್ಯವಸ್ಥೆ ಅನೇಕ ಸ್ಟೀರಿಯೊಗಳಲ್ಲಿರುತ್ತದೆ, ಅದನ್ನು ತಪ್ಪಿಸಿ ಜೋಡಿಸಲು ಹೇಳಬಾರದು. ಮಕ್ಕಳಿಗೆ ಹಾಡು ಕೇಳಿಸುವುದಕ್ಕೆ ಅಡ್ಡಿಯಿಲ್ಲ, ರಿವರ್ಸ್ ಹಾಕಿದಾಗ ಸದ್ದು ತಾನಾಗಿ ತಗ್ಗುವಂತೆ ಮಾಡಿಸಿಕೊಂಡರಾಯಿತು. ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ಕ್ಯಾಮೆರಾದ ಗಾಜಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ವಯರಿಂಗಿನ ನಕ್ಷೆಯನ್ನೂ ಫ್ಯೂಸ್ ಇರುವ ಜಾಗವನ್ನೂ ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ವ್ಯಾನಿನಲ್ಲಿಯೂ ಇನ್ನೊಂದನ್ನು ಶಾಲೆಯ ಕಚೇರಿಯಲ್ಲಿಯೂ ಇಡಬೇಕು.