ಹೊಟ್ಟಿನ ಜಾಣ್ಮೆ, ಮಾಳಿಗೆಯ ಭಾರ

ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಹೆಂಚಿನ ಮನೆಗಳು ಸಾಮಾನ್ಯ. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿಯ ಹಳೆಯ ಮನೆಗಳ ಗೋಡೆಯೂ ಮಣ್ಣು, ಮಾಳಿಗೆಯೂ ಮಣ್ಣು. ಗೋಡೆಯ ಮಣ್ಣಿಗೆ ಹೊಟ್ಟು ಬೆರೆಸಿ ತುಳಿಯುವುದು ರೂಢಿ. ಕಣದ ಈ ಕಸದಿಂದ ಎರಡು ಲಾಭ: ಒಣಗುವಾಗ ಮಣ್ಣು ಬಿರಿಯದು, ಗೋಡೆಯ ಭಾರವೂ ಇಳಿಯುವುದು.

ತಲೆಯ ಮೇಲಿನ ಮಾಳಿಗೆಯ ಕಥೆ ಬೇರೆ. ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಹಾಸಿ ಮೇಲ್ಮುದ್ದೆಯ ಮಣ್ಣು ಹರಡುತ್ತಾರೆ. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಮತ್ತಷ್ಟು ಮಣ್ಣು ಬೀಳುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಹೊರೆ ಬೆಳೆಯುತ್ತದೆ. ಜಡಿಮಳೆ ಹಿಡಿದಾಗ ನೀರಿನ ತೂಕವೂ ಸೇರಿ, ನೆನೆದ ಗೋಡೆ ತಾಳದು. 2019ರ ಆಗಸ್ಟ್ ಮಳೆಯಲ್ಲಿ ಜಿಲ್ಲೆಯ ಅನೇಕ ಮಣ್ಣಿನ ಮನೆಗಳು ಕುಸಿದವು.

ಮೇಲೇರಿದಂತೆ ಕಟ್ಟಡ ಹಗುರವಾಗಬೇಕೆಂಬುದು ರೋಮನರಿಗೆ ತಿಳಿದಿತ್ತು. ಎರಡನೆಯ ಶತಮಾನದ ಪ್ಯಾಂಥಿಯನ್ ಗುಡಿಯ ಗುಮ್ಮಟ ಸುಮಾರು 43 ಮೀಟರ್ ಅಗಲ. ಅದರ ನೆತ್ತಿಯ ಗಾರೆಗೆ ಅವರು ಬೆರೆಸಿದ್ದು ಜ್ವಾಲಾಮುಖಿಯ ಹಗುರವಾದ ರಂಧ್ರಗಲ್ಲು. ಇಂದು ಕಡಲಪಾಚಿಯ ಗಸಿಯನ್ನೂ ಸಿಮೆಂಟಿಗೆ ಬೆರೆಸುವ ಪ್ರಯೋಗಗಳು ನಡೆದಿವೆ. ತತ್ತ್ವ ಒಂದೇ: ಬೆರಕೆಯೊಳಗಿನ ಗಾಳಿಯೇ ಭಾರ ಇಳಿಸುವುದು. ನಮ್ಮ ಹಿರಿಯರು ಗೋಡೆಗೆ ತಂದ ಈ ಜಾಣ್ಮೆ ಇನ್ನು ಮಾಳಿಗೆಗೂ ಏರಬೇಕಾಗಿದೆ.