ಸಗಣಿ ಸುಟ್ಟು ಗುಡ್ಡ ಮಾಡಿದವರ ಸಾಹಸ

ಆದಿಮಾನವ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕಾರ್ಟೂನ್. ಚರ್ಮ ಸುತ್ಕೊಂಡವನೊಬ್ಬ, ಕೈಯಲ್ಲಿ ದೊಣ್ಣೆ, ಹಿಂದೆ ಅಟ್ಟಿಸಿಕೊಂಡು ಬರೋ ಡೈನೋಸಾರ್. ಡೈನೋಸಾರ್ ಅಳಿದು ಸುಮಾರು 6.6 ಕೋಟಿ ವರ್ಷ ಆಯ್ತು, ಮನುಷ್ಯ ಬಂದಿದ್ದು ಮೊನ್ನೆ ಮೊನ್ನೆ. ಅವರಿಬ್ಬರೂ ಎದುರಾಗಿದ್ದು ಸಿನಿಮಾದಲ್ಲಿ ಮಾತ್ರ. ನಮ್ಮ ಬಳ್ಳಾರಿ ಸೀಮೆಯ ನವಶಿಲಾಯುಗದವರ ಹಿಂದೆ ಬರ್ತಿದ್ದದ್ದು ದನ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗೋ ದಾರೀಲಿ ಕುಡತಿನಿ ಸಿಗುತ್ತೆ. ಅಲ್ಲೊಂದು ಬೂದಿ ದಿಬ್ಬ ಇದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇನ್ನೊಂದು. ಅದನ್ನ ಜನ ವಾಲಿಯ ಚಿತೆಯ ಬೂದಿ ಅಂತಾರೆ. ರಾಯಚೂರು, ಯಾದಗಿರಿ, ಆಚೆ ಆಂಧ್ರ-ತೆಲಂಗಾಣದವರೆಗೆ ಇಂಥವು ನೂರಕ್ಕೂ ಹೆಚ್ಚು. ಕೆಲವು ಕಡೆ ಮೆತ್ತಗಿನ ಬೂದಿ, ಕೆಲವು ಕಡೆ ಕರಗಿ ಗಾಜಿನ ಥರ ಗಟ್ಟಿಯಾದ ಕಿಟ್ಟ.

19ನೇ ಶತಮಾನದಲ್ಲಿ ಇದನ್ನ ನೋಡಿದ ಸಾಹೇಬರಿಗೆ ತಲೆ ಕೆಟ್ಟುಹೋಯ್ತು. ಜ್ವಾಲಾಮುಖಿನಾ? ಯುದ್ಧದಲ್ಲಿ ಸತ್ತವರನ್ನ ಸುಟ್ಟಿದ್ದಾ? ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ಸುಟ್ಟ ಸಗಣಿ ಅಂದ್ರು. ಅದಾದ್ಮೇಲೂ ಲೋಹ ಕರಗಿಸಿದ ಕಿಟ್ಟ ಇರಬೇಕು ಅಂತ ವಾದ ಮಾಡಿದವರಿದ್ರು. ಸಗಣಿಗಿಂತ ಲೋಹ ಕೇಳೋಕೆ ಚೆನ್ನಾಗಿರುತ್ತೆ ನೋಡಿ! ಕೊನೆಗೆ 1960ರ ಸುಮಾರಿಗೆ ಫ್ರೆಡರಿಕ್ ಝೋಯ್ನರ್ ಕುಡತಿನಿಯ ಮಾದರಿಗಳನ್ನ ಪರೀಕ್ಷೆ ಮಾಡಿದಾಗ ಫೂಟ್ ಗೆದ್ದರು.

ಇನ್ನೂ ಮಜಾ ಇರೋದು ಈಗಿನ ತೆಲಂಗಾಣದ ಉಟ್ನೂರಲ್ಲಿ. 1957ರಲ್ಲಿ ಎಫ್.ಆರ್. ಆಲ್ಚಿನ್ ಅಲ್ಲಿ ಅಗೆದಾಗ ಮರದ ಕಾಂಡ ನೆಟ್ಟು ಮಾಡಿದ ದನದ ದೊಡ್ಡಿಯ ಗುರುತು ಸಿಕ್ತು. ಬೂದಿಯೊಳಗೆ ದನಗಳ ಗೊರಸಿನ ಅಚ್ಚು ಹಾಗೇ ಉಳಿದಿತ್ತು. ರಾಜರ ಶಾಸನ ಎಷ್ಟೋ ಅಳಿಸಿ ಹೋಗಿವೆ, 4,000 ವರ್ಷದ ಹಿಂದೆ ದನ ಇಟ್ಟ ಹೆಜ್ಜೆ ಅಳಿಸಿಲ್ಲ.

ನಾನು ಓದಿದ್ದು ಬಿ.ಕಾಂ. ನನ್ನ ಲೆಕ್ಕದಲ್ಲಿ ಸಗಣಿ ಅಂದ್ರೆ ಆಸ್ತಿ: ಗೊಬ್ಬರ, ಬೆರಣಿ, ನೆಲ ಸಾರಿಸೋಕೆ. ಅದನ್ನ ಗುಡ್ಡದಷ್ಟು ಪೇರಿಸಿ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದಾರೆ ಅಂದ್ರೆ ಯಾವ ಆಡಿಟರೂ ಸಹಿ ಹಾಕಲ್ಲ. ಆಲ್ಚಿನ್ ಇದನ್ನ ಹಬ್ಬದ ಬೆಂಕಿ ಅಂತ ಓದಿದ್ರು. ಮಂಡ್ಯ, ಮೈಸೂರು ಕಡೆಯವರಿಗೆ ತಟ್ಟನೆ ಹೊಳೆಯುತ್ತೆ, ಸಂಕ್ರಾಂತಿಗೆ ದನಗಳನ್ನ ಕಿಚ್ಚು ಹಾಯಿಸಲ್ವಾ, ಅದೇ ಥರ. ಎಲ್ಲ ವಿದ್ವಾಂಸರೂ ಇದನ್ನ ಒಪ್ಪಲ್ಲ, ಆದ್ರೆ ನನಗೆ ಇದೇ ಇಷ್ಟ. ಶಾಲೆಯಲ್ಲಿ ಕಲ್ಲಿನ ಕೊಡಲಿ ಚಿತ್ರ ತೋರಿಸಿ ಮುಂದಿನ ಪಾಠಕ್ಕೆ ಹೋಗ್ತಾರೆ. ಆ ಕೊಡಲಿ ಹಿಡಿದವರಿಗೂ ಹಬ್ಬ ಇತ್ತು, ಗದ್ದಲ ಇತ್ತು, ಬೆದರಿ ಓಡಿದ ಕರು ಹಿಡಿಯೋಕೆ ಯಾರೋ ಒಬ್ಬ ಹುಡುಗ ಓಡಿರ್ತಾನೆ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಅವರ ಕೊಡಲಿ ಕಾರ್ಖಾನೆಯೇ ಇತ್ತು. ಅಲ್ಲಿನ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗೆ ಕಲ್ಲಿಂದ ಹೊಡೆದ್ರೆ ಗಂಟೆ ಥರ ನಾದ ಬರುತ್ತೆ.

ಆದ್ರೆ ಅದೇ ಗುಡ್ಡಕ್ಕೆ ಕಲ್ಲು ಕ್ವಾರಿಯವರ ಕೈ ಬಿತ್ತು. ಚಿತ್ರ ಇದ್ದ ಬಂಡೆಗಳೂ ಜಲ್ಲಿಯಾಗೋ ಅಪಾಯ ಇದೆ ಅಂತ ಸಂಶೋಧಕರು ಬರೆದ್ರು. ಬೂದಿ ದಿಬ್ಬಗಳ ಕಥೆಯೂ ಅಷ್ಟೇ, ಗೊಬ್ಬರ ಅಂತ ಗಾಡಿಗಟ್ಟಲೆ ಹೊಲಕ್ಕೆ ಹೋಗಿದೆ. ರೈತರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅದು ಏನು ಅಂತ ಅವರಿಗೆ ಹೇಳಿದವರು ಯಾರು? ಒಂದು ಬೋರ್ಡಾದ್ರೂ ಬೇಡ್ವಾ?

ಬಳ್ಳಾರಿಯಲ್ಲಿ ಫೂಟ್ ಹೆಸರಿನದೇ ಒಂದು ಮ್ಯೂಸಿಯಂ ಇದೆ. ಮುಂದಿನ ಸಲ ಹಂಪಿಗೆ ಬೈಕ್ ತಗೊಂಡು ಹೋಗೋರು ಅರ್ಧ ದಿನ ಆ ಕಡೆ ತಿರುಗಿಸಿ. ಕುಡತಿನಿ ದಾರೀಲೇ ಸಿಗುತ್ತೆ.